ತಳ್ಳುಗಾಡಿಯಲ್ಲಿ ತರಕಾರಿ ವ್ಯಾಪಾರ ಚೆನ್ನಾಗಿದೆ, ಆದರೂ ಕೈಯಲ್ಲಿ ಕಾಸು ನಿಲ್ಲುತ್ತಿಲ್ಲ. ಯಾಕೆ?

ದಿನಾ ಬೆಳಿಗ್ಗೆ ಸಾಲವಾಗಿ 2,700 ಕೈಗೆ ಪಡೆದು ಸಂಜೆ 3,000 ಕಟ್ಟುತ್ತೇನೆ ಎಂದು ನೀವೇ ಬರೆದಿದ್ದೀರಿ. ಸೋರುತ್ತಿರುವುದು ಅಲ್ಲೇ. ತಿಂಗಳಿಗೆ 26 ದಿನ ಗಾಡಿ ಹಾಕಿದರೆ ಬಡ್ಡಿಯೇ 7,800 ಆಯಿತು, ಅದೂ ದಿನಾ ಅದೇ 2,700ಕ್ಕೆ.

ಬಿಡಿಸಿಕೊಳ್ಳಲು ಪೂರ್ತಿ ದುಡ್ಡು ಒಟ್ಟಿಗೆ ಹೊಂದಿಸಬೇಕಿಲ್ಲ. ಇವತ್ತಿನ ಲಾಭದಲ್ಲಿ 100 ತೆಗೆದಿಡಿ, ನಾಳೆ 2,600 ಮಾತ್ರ ಸಾಲ ತನ್ನಿ. ಬಡ್ಡಿ ಸುಮಾರು 11 ರೂಪಾಯಿ ಇಳಿಯುತ್ತದೆ. ಆ 11ನ್ನೂ ಮಾರನೆಯ ದಿನದ 100ರ ಜೊತೆ ಸೇರಿಸಿ. ಹೀಗೆ ಉಳಿತಾಯವಾದ ಬಡ್ಡಿಯನ್ನು ಖರ್ಚು ಮಾಡದೆ ನಡೆದರೆ 14 ದಿನದಲ್ಲಿ ಬಂಡವಾಳ ನಿಮ್ಮದು. ದಿನಕ್ಕೆ 50 ತೆಗೆದಿಟ್ಟರೂ 19 ದಿನ ಸಾಕು. ಸಾಲ ಕೊಡುವವರು ನೂರರ ಲೆಕ್ಕದಲ್ಲೇ ಕೊಡುವುದರಿಂದ ಒಂದೆರಡು ದಿನ ಹೆಚ್ಚಾಗಬಹುದು, ಅಷ್ಟೆ.

ಕೆಡುವುದು ಎಲ್ಲಿ ಅಂದರೆ, ತೆಗೆದಿಟ್ಟ ದುಡ್ಡು ಗಲ್ಲಾದಲ್ಲೇ ಇದ್ದರೆ ಹಾಲಿಗೆ, ಮಾತ್ರೆಗೆ ಅಂತ ಕರಗುತ್ತದೆ. ಬೇರೆ ಚೀಲದಲ್ಲಿ ಮನೆಯಲ್ಲಿಡಿ. ಕ್ಯೂಆರ್ ಕೋಡ್ ಮಗನ ಖಾತೆಯದಾಗಿದ್ದರೆ ಮೊದಲು ಬದಲಾಯಿಸಿ, ಇಲ್ಲವಾದರೆ ಅರ್ಧ ವ್ಯಾಪಾರ ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ಇನ್ನೊಂದು: ದಿನಬಡ್ಡಿ ಕಟ್ಟುತ್ತಲೇ ಪಿಗ್ಮಿ, ಚೀಟಿ ಕಟ್ಟುವವರು ತುಂಬ ಜನ. ಪಿಗ್ಮಿ ಒಳ್ಳೆಯದೇ, ಆದರೆ ದಿನಕ್ಕೆ ನೂರಕ್ಕೆ 11 ಕೊಡುತ್ತ ಅಲ್ಲಿ ಕೂಡಿಡುವುದರಲ್ಲಿ ಅರ್ಥವಿಲ್ಲ. ಸಾಲ ತೀರಿದ ಮೇಲೆ ಅದೇ 100ನ್ನು ಪಿಗ್ಮಿಗೆ ತಿರುಗಿಸಿ. ಮಳೆಯಲ್ಲಿ ಗಾಡಿ ನಿಂತ ದಿನಕ್ಕೆ ಆಗುತ್ತದೆ.

ತರಕಾರಿ ನಿಮಗೆ ಬೀಳುವ ಅಸಲು ಬೆಲೆಯ ಲೆಕ್ಕವನ್ನೂ ಒಮ್ಮೆ ನೋಡಿ. 25 ಕೆಜಿ ಟೊಮೆಟೊ ಕ್ರೇಟ್ 500ಕ್ಕೆ ತಂದರೆ ಕೆಜಿಗೆ 20 ಅಂದುಕೊಳ್ಳುತ್ತೀರಿ. ಕೊಳೆತದ್ದು 3 ಕೆಜಿ, ತೂಕದಲ್ಲಿ ಜಾಸ್ತಿ ಹೋದದ್ದು 1 ಕೆಜಿ, ಆಟೊಗೆ 30 ಸೇರಿಸಿದರೆ 530ನ್ನು 21ರಿಂದ ಭಾಗಿಸಬೇಕು. ಕೆಜಿಗೆ 25 ದಾಟಿತು. 25ಕ್ಕೇ ಮಾರಿದರೆ ಇಡೀ ದಿನ ನಿಂತದ್ದು ಪುಕ್ಕಟೆ.

ನಗರಸಭೆ ಅಥವಾ ಪಾಲಿಕೆಯ ಬೀದಿ ವ್ಯಾಪಾರಿ ಗುರುತಿನ ಚೀಟಿ ಇದ್ದರೆ ಪಿಎಂ ಸ್ವನಿಧಿಗೆ, ಅಂದರೆ ಬೀದಿ ವ್ಯಾಪಾರಿಗಳಿಗೆ ಸಾಲ ಕೊಡಿಸುವ ಕೇಂದ್ರ ಸರ್ಕಾರದ ಯೋಜನೆಗೆ, ಅರ್ಜಿ ಹಾಕಿ. ಗುರುತಿನ ಚೀಟಿ ಇಲ್ಲದವರಿಗೆ ನಗರಸಭೆ ಅಥವಾ ಪಾಲಿಕೆಯವರೇ ಶಿಫಾರಸು ಪತ್ರ ಕೊಡಬಹುದು. 2025ರ ಬದಲಾವಣೆಯ ನಂತರ ಮೊದಲ ಸಾಲ 15,000ದವರೆಗೆ ಸಿಗುತ್ತದೆ, ಹೊತ್ತಿಗೆ ಸರಿಯಾಗಿ ಕಟ್ಟಿದರೆ ಶೇ. 7 ಬಡ್ಡಿ ಸಹಾಯಧನವೂ ಉಂಟು. ಸಾಲ ಬಂದ ದಿನವೇ 2,700 ಮಂಡಿಯ ಖರೀದಿಗೆ ಎತ್ತಿಡಿ, ಮೊಬೈಲ್ ಅಂಗಡಿ ಕಡೆ ಹೋಗಬೇಡಿ.