ಇಫ್ ಹಾಕಿದರೂ ಸಿಪಿಯು ಯಾಕೆ ಇಳಿಯಲಿಲ್ಲ?

ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ಬರೆದಿದ್ದಾರೆ: "ಸರ್, ಕೊನೆ ವರ್ಷದ ಪ್ರಾಜೆಕ್ಟ್‌ಗೆ ಮಿನಿನೆಟ್‌ನಲ್ಲಿ (ಕಂಪ್ಯೂಟರ್ ಒಳಗೇ ನೆಟ್‌ವರ್ಕ್ ಕಟ್ಟುವ ಸಾಫ್ಟ್‌ವೇರ್) ನಾಲ್ಕು ಸ್ವಿಚ್, ಎರಡು ರ್ಯೂ ಕಂಟ್ರೋಲರ್ (ಸ್ವಿಚ್‌ಗಳಿಗೆ ಏನು ಮಾಡಬೇಕೆಂದು ಹೇಳುವ ಪ್ರೋಗ್ರಾಂ) ಇಟ್ಟಿದ್ದೇನೆ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ. ಆದರೆ ಪ್ರತಿ ಪ್ಯಾಕೆಟ್-ಇನ್ (ಸ್ವಿಚ್ ಒಂದು ಪ್ಯಾಕೆಟನ್ನು ಕಂಟ್ರೋಲರ್‌ಗೆ ಕಳಿಸುವ ಮೆಸೇಜ್) ಎರಡಕ್ಕೂ ಬರುತ್ತಿದೆ. ಬೇಡದ್ದನ್ನು ಬಿಡೋಕೆ ಕೋಡಿನಲ್ಲಿ ಇಫ್ ಹಾಕಿದೆ. ಸಿಪಿಯು ಇಳಿಯಲೇ ಇಲ್ಲ. ಏನು ಮಾಡಲಿ?"

ನಿಮ್ಮ ಇಫ್ ತಪ್ಪಲ್ಲ, ಅದು ಇರೋ ಜಾಗ ತಪ್ಪು. ಮೆಸೇಜ್ ಅಲ್ಲಿಗೆ ಬರುವಷ್ಟರಲ್ಲಿ ಖರ್ಚೆಲ್ಲ ಆಗಿಹೋಗಿರುತ್ತೆ. ಸ್ವಿಚ್ ಅದನ್ನು ಕಟ್ಟಿ ಕಳಿಸಿದೆ, ರ್ಯೂ ಅದನ್ನು ಬಿಡಿಸಿ ಈವೆಂಟ್ ಮಾಡಿದೆ. ಆಮೇಲೆ ನೀವು ಬಿಸಾಕಿದರೆ ಏನು ಉಳಿಯಿತು? ತಡೆಯೋದಾದರೆ ಸ್ವಿಚ್‌ನಲ್ಲೇ ತಡೆಯಬೇಕು.

ಮೊದಲು ಎರಡೆರಡು ಬರುವ ಕಾಟ. ರೋಲ್ ಹೇಳದಿದ್ದರೆ ಓಪನ್‌ಫ್ಲೋದಲ್ಲಿ (ಸ್ವಿಚ್, ಕಂಟ್ರೋಲರ್ ಮಾತಾಡಿಕೊಳ್ಳುವ ಭಾಷೆ) ಪ್ರತಿ ಕಂಟ್ರೋಲರೂ ಈಕ್ವಲ್. ಇಬ್ಬರಿಗೂ ಎಲ್ಲ ಬರುತ್ತೆ. ಒಂದನ್ನು ಮಾಸ್ಟರ್, ಇನ್ನೊಂದನ್ನು ಸ್ಲೇವ್ ಮಾಡಿ. ಸ್ಲೇವ್‌ಗೆ ಡಿಫಾಲ್ಟಾಗಿ ಪೋರ್ಟ್-ಸ್ಟೇಟಸ್ (ಪೋರ್ಟಿನ ಸ್ಥಿತಿ ಬದಲಾದ ಸುದ್ದಿ) ಮಾತ್ರ ಹೋಗುತ್ತೆ. ರೋಲ್ ಕೇಳುವಾಗ ಜೊತೆಗೆ ಕಳಿಸೋ ಕ್ರಮಸಂಖ್ಯೆ, ಅಂದ್ರೆ ಜನರೇಶನ್ ಐಡಿ, ಹಿಂದಿನದಕ್ಕಿಂತ ಕಮ್ಮಿ ಇದ್ದರೆ ಸ್ವಿಚ್ ಒಪ್ಪಲ್ಲ, ನೆನಪಿರಲಿ.

ಇನ್ನೂ ಸಣ್ಣಗೆ ಸೋಸಬೇಕಾ? ಓಪನ್‌ಫ್ಲೋ 1.3ರಲ್ಲಿ ಸೆಟ್-ಅಸಿಂಕ್ ಇದೆ. ಯಾವ ಮೆಸೇಜ್ ಬೇಕು, ಯಾವುದು ಬೇಡ ಅಂತ ಕಂಟ್ರೋಲರ್ ಸ್ವಿಚ್‌ಗೆ ಹೇಳೋದು ಇದರಿಂದಲೇ. ಪ್ಯಾಕೆಟ್-ಇನ್, ಪೋರ್ಟ್-ಸ್ಟೇಟಸ್, ಫ್ಲೋ-ರಿಮೂವ್ಡ್ (ಫ್ಲೋ ಅಳಿದ ಸುದ್ದಿ), ಈ ಮೂರಕ್ಕೂ ಎರಡೆರಡು ಮಾಸ್ಕ್. ಮೊದಲನೆಯದು ಮಾಸ್ಟರ್ ಅಥವಾ ಈಕ್ವಲ್ ಆಗಿದ್ದಾಗ, ಎರಡನೆಯದು ಸ್ಲೇವ್ ಆಗಿದ್ದಾಗ. ಮಾಸ್ಕಿನ ಒಂದೊಂದು ಬಿಟ್ ಒಂದೊಂದು ಕಾರಣ. ಪ್ಯಾಕೆಟ್-ಇನ್ ಮಾಸ್ಕ್ 3 ಅಂದ್ರೆ ಟೇಬಲ್-ಮಿಸ್ (ಬೇರೆ ಯಾವ ನಿಯಮಕ್ಕೂ ಹೊಂದದ ಪ್ಯಾಕೆಟ್) ಆಗಿದ್ದೂ ಬರಲಿ, ಫ್ಲೋ ಎಂಟ್ರಿಯೇ (ಸ್ವಿಚ್‌ನ ಟೇಬಲ್‌ನಲ್ಲಿ ಬರೆದಿಟ್ಟ ನಿಯಮ) ಕಳಿಸಿದ್ದೂ ಬರಲಿ ಅಂತ. 2 ಕೊಟ್ಟರೆ ಎಂಟ್ರಿ ಕಳಿಸಿದ್ದು ಮಾತ್ರ. ಲರ್ನಿಂಗ್ ಸ್ವಿಚ್ (ಯಾವ ವಿಳಾಸ ಯಾವ ಪೋರ್ಟಿನಲ್ಲಿದೆ ಅಂತ ಕಲಿಯುವ) ಕೋಡ್‌ಗೆ ಮಾತ್ರ 2 ಕೊಡಬೇಡಿ. ಅದು ಕಲಿಯೋದೇ ಟೇಬಲ್-ಮಿಸ್‌ನಿಂದ ಅಲ್ವಾ?

ಮಾಸ್ಕ್ ನೋಡೋದು ಕಾರಣವನ್ನು. ಪ್ಯಾಕೆಟ್ ಒಳಗೆ ಏನಿದೆ ಅಂತ ನೋಡಲ್ಲ. ಹೆಚ್ಚಿನವರು ಎಡವೋದು ಇಲ್ಲೇ. ನಿಮ್ಮ ಲಾಗ್ ತೆಗೆದು ನೋಡಿ. ಯಾರೂ ಪಿಂಗ್ ಮಾಡದಿದ್ದರೂ 33:33 ಅಂತ ಶುರುವಾಗುವ ವಿಳಾಸಕ್ಕೆ ಪ್ಯಾಕೆಟ್‌ಗಳು ಬರ್ತಾ ಇರುತ್ತವೆ. ಅದು ಹೋಸ್ಟ್‌ಗಳು ತಾವಾಗೇ ಕಳಿಸೋ ಐಪಿವಿ6 ಮಲ್ಟಿಕಾಸ್ಟ್. ಪ್ರಾಜೆಕ್ಟಿನಲ್ಲಿ ಐಪಿವಿ6 ಬಳಸದಿದ್ದರೆ ಅದಕ್ಕೊಂದು ಫ್ಲೋ ಎಂಟ್ರಿ ಹಾಕಿ. ಪ್ರಯಾರಿಟಿ 10 ಇರಲಿ, ಆ್ಯಕ್ಷನ್ ಖಾಲಿ ಬಿಡಿ. ಟೇಬಲ್-ಮಿಸ್ ಎಂಟ್ರಿಯ ಪ್ರಯಾರಿಟಿ 0, ಹಾಗಾಗಿ ಪ್ಯಾಕೆಟ್ ಅಲ್ಲಿಗೆ ತಲುಪೋ ಮೊದಲೇ ಬಿದ್ದುಹೋಗುತ್ತೆ. ಈ ಒಂದು ಎಂಟ್ರಿಯಿಂದಲೇ ಲಾಗ್ ಎಷ್ಟು ತೆಳ್ಳಗಾಗುತ್ತೆ ನೋಡಿ.

ಪೋರ್ಟ್-ಸ್ಟೇಟಸ್ ಮಾತ್ರ ಮುಚ್ಚಬೇಡಿ. ಇದನ್ನು ಕೈಮುಗಿದು ಹೇಳ್ತಿದ್ದೇನೆ. ನಾನೂ ಒಮ್ಮೆ ಗದ್ದಲ ಕಮ್ಮಿ ಆಗಲಿ ಅಂತ ಮೂರೂ ಮಾಸ್ಕಿಗೆ 0 ಕೊಟ್ಟಿದ್ದೆ. ಕೇಬಲ್ ಕಿತ್ತೆ. ಕಂಟ್ರೋಲರ್‌ಗೆ ಗೊತ್ತೇ ಆಗಲಿಲ್ಲ. ಸತ್ತ ಪೋರ್ಟಿಗೇ ಫ್ಲೋ ಬರೀತಾ ಕೂತಿತ್ತು, ನಾನು ಅರ್ಧ ದಿನ ರೂಟಿಂಗ್ ಕೋಡಿನಲ್ಲಿ ತಪ್ಪು ಹುಡುಕ್ತಾ ಕೂತಿದ್ದೆ.

ಫ್ಲೋ-ರಿಮೂವ್ಡ್ ಬಗ್ಗೆ ತಲೆ ಕೆಡಿಸ್ಕೋಬೇಡಿ. ಫ್ಲೋ ಹಾಕುವಾಗ ಅದರ ಫ್ಲ್ಯಾಗ್ ಕೊಡದಿದ್ದರೆ ಅದು ಬರೋದೇ ಇಲ್ಲ.

ಸೆಟ್-ಅಸಿಂಕ್ ಆಯಾ ಕನೆಕ್ಷನ್‌ಗೆ ಮಾತ್ರ ಸೇರಿದ್ದು. ಹಾಗಾಗಿ ಟೇಬಲ್-ಮಿಸ್ ಎಂಟ್ರಿ ಹಾಕೋ ಸ್ವಿಚ್-ಫೀಚರ್ಸ್ ಹ್ಯಾಂಡ್ಲರ್‌ನಲ್ಲೇ ಅದನ್ನೂ ಕಳಿಸಿ. ಸ್ವಿಚ್‌ನ ಕನೆಕ್ಷನ್ ಕಡಿದು ಮತ್ತೆ ಸೇರಿದಾಗಲೂ ಅದು ತಪ್ಪದೆ ಹೋಗುತ್ತೆ. ಆಮೇಲೆ ವೈರ್‌ಶಾರ್ಕ್ (ನೆಟ್‌ವರ್ಕಿನಲ್ಲಿ ಓಡಾಡುವ ಮೆಸೇಜ್‌ಗಳನ್ನು ಹಿಡಿದು ತೋರಿಸುವ ಸಾಫ್ಟ್‌ವೇರ್) ಹಚ್ಚಿ. ಟೈಪ್ 10 ಪ್ಯಾಕೆಟ್-ಇನ್, ಟೈಪ್ 12 ಪೋರ್ಟ್-ಸ್ಟೇಟಸ್. ಮಿನಿನೆಟ್‌ನಲ್ಲಿ ಒಂದು ಲಿಂಕ್ ಡೌನ್ ಮಾಡಿ. ಟೈಪ್ 12 ಎರಡೂ ಕಂಟ್ರೋಲರ್‌ಗೆ ಬರಬೇಕು, ಟೈಪ್ 10 ಮಾಸ್ಟರ್‌ಗೆ ಮಾತ್ರ. ಹಾಗೆ ಬರದಿದ್ದರೆ ಆ ಕ್ಯಾಪ್ಚರ್ ಫೈಲ್ ಕಳಿಸಿ, ಕೂತು ನೋಡೋಣ.