ಏನೂ ಆಗದಂತೆ ನೋಡಿಕೊಂಡವರಿಗೂ ಒಂದು ಹಾರ

ಹುಬ್ಬಳ್ಳಿಯ ಓದುಗರೊಬ್ಬರ ಪತ್ರದ ಒಂದು ಭಾಗ: "ನಮ್ಮ ಕಂಪನಿಯ ವಾರ್ಷಿಕೋತ್ಸವದಲ್ಲಿ ಈ ಸಲ ಸೇಲ್ಸ್‌ನವರ ಜೊತೆಗೆ ಸ್ಟೋರ್ಸ್, ಮೆಂಟೆನೆನ್ಸ್, ಅಕೌಂಟ್ಸ್‌ನವರಿಗೂ ಬಹುಮಾನವಂತೆ. ಎಲ್ಲರಿಗೂ ಹೊದಿಸಿದರೆ ಶಾಲಿಗೆ ಏನು ಬೆಲೆ? ತಮ್ಮ ಕೆಲಸ ತಾವು ಮಾಡಿದ್ದಕ್ಕೂ ಸನ್ಮಾನವೇ?"

ಸಂಪಾದಕರ ಉತ್ತರ: ಒಂದು ಮಾತು ಒಪ್ಪುತ್ತೇನೆ. ಹಾಜರಿ ಪುಸ್ತಕ ನೋಡಿ ಸ್ಮರಣಿಕೆ ಹಂಚಿದರೆ ಅದು ಸನ್ಮಾನವಲ್ಲ, ಪ್ರಸಾದ. ಅಲ್ಲಿಂದ ಮುಂದಕ್ಕೆ ನಿಮ್ಮ ಜೊತೆ ನನ್ನ ಜಗಳವಿದೆ.

ತಮ್ಮ ಕೆಲಸ ತಾವು ಮಾಡಿದ್ದಕ್ಕೆ ಅಂದಿರಲ್ಲ, ಸೇಲ್ಸ್‌ನವರು ಮಾಡಿದ್ದು ಯಾರ ಕೆಲಸ ಸ್ವಾಮಿ? ಅವರಿಗೆ ಟಾರ್ಗೆಟ್ ಇದೆ, ಎಣಿಸುವುದು ಸುಲಭ. ಮೆಂಟೆನೆನ್ಸ್‌ನವನು ಚೆನ್ನಾಗಿ ದುಡಿದರೆ ಮಿಷನ್ ನಿಲ್ಲುವುದಿಲ್ಲ, ಅಷ್ಟೇ. ನಿಲ್ಲದ ಮಿಷನ್ ಯಾರ ಕಣ್ಣಿಗೆ ಬೀಳುತ್ತೆ? ಅದು ಕೆಟ್ಟ ದಿನ ಮಾತ್ರ ಅವನ ಹೆಸರು ಎಲ್ಲರ ಬಾಯಲ್ಲಿ.

ಈ ವಿಷಯದಲ್ಲಿ ನಮ್ಮ ಕೆಎಸ್‌ಆರ್‌ಟಿಸಿಯವರು ಜಾಣರು. 5 ವರ್ಷ ಅಪಘಾತವಿಲ್ಲದೆ ಬಸ್ ಓಡಿಸಿದವರಿಗೆ ಬೆಳ್ಳಿ ಪದಕ, 15 ವರ್ಷಕ್ಕೆ ಚಿನ್ನದ ಪದಕ. ಏನೂ ಆಗಲಿಲ್ಲ ಅನ್ನುವುದಕ್ಕೇ ಪದಕ! ಜುಲೈ ಮಳೆಯಲ್ಲಿ ಶಿರಾಡಿ ಘಾಟಿ ಇಳಿಯುವಾಗ ನಾವು ಬಾಯಿ ಬಿಟ್ಟುಕೊಂಡು ನಿದ್ದೆ ಹೊಡೆಯುತ್ತಿರುತ್ತೇವೆ. ಆ ನಿದ್ದೆಗೆ ಸಂದ ಪದಕ ಅದು. ಡಿಪೋದಲ್ಲಿ ಮೆಕ್ಯಾನಿಕ್ ಹಿಂದಿನ ಜೋಡಿ ಟೈರುಗಳನ್ನು ಸುತ್ತಿಗೆಯಿಂದ ತಟ್ಟುತ್ತಾ ಹೋಗುವುದನ್ನು ಗಮನಿಸಿದ್ದೀರಾ? ಸುತ್ತಿಗೆ ಪುಟಿದು ವಾಪಸ್ ಬಂದರೆ ಸರಿ. ಡಬ್ ಅಂತ ಮಂದ ಸದ್ದು ಬಂದರೆ ಒಳಗಿನ ಟೈರಿನ ಗಾಳಿ ಇಳಿದಿದೆ, ಬಸ್ ಹೊರಡುವಂತಿಲ್ಲ. ಪ್ರಯಾಣಿಕರಿಗೆ ಗೊತ್ತಾಗುವುದು ಬಸ್ ಲೇಟಾಯಿತು ಅನ್ನುವುದಷ್ಟೇ. ಅದಕ್ಕೂ ಬೈಗುಳ ಅವನಿಗೇ.

ಇನ್ನು ಶಾಲಿನ ಬೆಲೆ. 2018ರಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದಾಗ ಕ್ರಿಕೆಟ್ ಮಂಡಳಿ ಕೋಚ್ ರಾಹುಲ್ ದ್ರಾವಿಡ್‌ಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಘೋಷಿಸಿತು. ಈ ತಾರತಮ್ಯ ಯಾಕೆ ಅಂತ ದ್ರಾವಿಡ್ ಕೇಳಿದರು. ಕೊನೆಗೆ ಎಲ್ಲರಿಗೂ 25 ಲಕ್ಷವಾಯಿತು. ಅವರ ಹಣ ಅರ್ಧಕ್ಕಿಳಿಯಿತು, ನಿಜ. ಬೆಲೆ ಇಳಿಯಿತೇ? ನೀವೇ ಹೇಳಿ.

ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿದೆ. ಸೇಲ್ಸ್‌ನ ಮೂವರ ಹೆಸರು ಅದರಲ್ಲಿವೆ, ಇನ್ಶಿಯಲ್ ಸಮೇತ. ಸ್ಟೋರ್ಸ್‌ನವರು ಮಾತ್ರ ಬರೀ "ಸ್ಟೋರ್ಸ್‌ನವನು". ನೀವು ಒಳ್ಳೆಯವರೇ, ಬರವಣಿಗೆ ನೋಡಿದರೆ ಗೊತ್ತಾಗುತ್ತೆ. ಸುಮ್ನೆ ರೂಢಿ ಹಾಗಾಗಿದೆ.

ರೂಢಿ ನಿಮ್ಮೊಬ್ಬರದಲ್ಲ ಬಿಡಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದರೆ ಊರ ತುಂಬ 625ಕ್ಕೆ 625 ಪಡೆದವರ ಫ್ಲೆಕ್ಸ್. ಎರಡು ಸಲ ಫೇಲಾದ ಹುಡುಗನನ್ನು ಮನೆಯಿಂದ ಕರೆತಂದು ಗಣಿತ ಪಾಸು ಮಾಡಿಸಿದ ಮೇಷ್ಟ್ರ ಫ್ಲೆಕ್ಸ್ ಎಲ್ಲಾದರೂ ಕಂಡಿದ್ದೀರಾ? ನಮ್ಮ ಕಚೇರಿಗೆ ಬರುವ ಸನ್ಮಾನದ ಫೋಟೋಗಳಲ್ಲೂ ಅದೇ ಮೈಸೂರು ಪೇಟ, ಅದೇ ಹಣ್ಣಿನ ಬುಟ್ಟಿ, ಅದೇ ನಾಲ್ಕು ಮುಖ. ಒಂದು ಸಮಾರಂಭದಲ್ಲಂತೂ ಸನ್ಮಾನಿತರೇ ಪ್ರಾಯೋಜಕರು!

ವಾರ್ಷಿಕೋತ್ಸವ ಮುಗಿದ ಮೇಲೆ ನಿಮ್ಮ ಸ್ಟೋರ್ಸ್‌ನವರ ಫೋಟೋ ಕಳಿಸಿ. ಹೆಸರು ಪೂರ್ತಿ ಬರೆಯಿರಿ, ಇನ್ಶಿಯಲ್ ಮರೆಯಬೇಡಿ. ಮುಂದಿನ ಸಂಚಿಕೆಯಲ್ಲೇ ಹಾಕುತ್ತೇನೆ.