ರಿಯಾಕ್ಟರ್ ದೊಡ್ಡದಾಗುವಾಗ ಸಹಿ ಹಾಕುವ ಮುನ್ನ ಯಾವ ಲೆಕ್ಕ ಕೇಳಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಔಷಧ ಉದ್ಯಮಕ್ಕೆ ಬೇಕಾದ ಇಂಟರ್‌ಮೀಡಿಯೆಟ್‌ಗಳನ್ನು, ಅಂದರೆ ಮಧ್ಯಂತರ ರಾಸಾಯನಿಕಗಳನ್ನು, ತಯಾರಿಸುವ ಘಟಕವೊಂದರಲ್ಲಿ ನೀವು ಎರಡು ವರ್ಷದಿಂದ ಪ್ರಾಸೆಸ್ ಎಂಜಿನಿಯರ್ ಆಗಿದ್ದೀರಿ. 500 ಲೀಟರ್ ರಿಯಾಕ್ಟರಿನಲ್ಲಿ ಮೂವತ್ತು ಬ್ಯಾಚುಗಳು ತೊಂದರೆಯಿಲ್ಲದೆ ಮುಗಿದಿರುವುದರಿಂದ, ಶಾಖ ಬಿಡುವ ಅದೇ ಕ್ರಿಯೆಯನ್ನು ಟಾಲ್ಯೂಈನ್ ಎಂಬ ದ್ರಾವಕದಲ್ಲಿ, 60 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಈಗ 4,000 ಲೀಟರ್ ರಿಯಾಕ್ಟರಿಗೆ ಒಯ್ಯಬೇಕೆಂದು ತೀರ್ಮಾನವಾಗಿದೆ. ಬದಲಾವಣೆಯ ಪತ್ರಕ್ಕೆ ನಿಮ್ಮ ಸಹಿ ಬೇಕು. ಒಳಗಿನ ಒತ್ತಡ ಮಿತಿಮೀರಿದಾಗ ತೆರೆದುಕೊಳ್ಳುವ ರಿಲೀಫ್ ವಾಲ್ವಿನ ಲೆಕ್ಕವನ್ನು ಯಾರೂ ಮತ್ತೆ ಮಾಡಿಲ್ಲ. ಕೇಳಿದರೆ ಹಿರಿಯರು 'ಕೆಮಿಸ್ಟ್ರಿ ಅದೇ, ಪಾತ್ರೆ ಮಾತ್ರ ದೊಡ್ಡದು' ಎನ್ನುತ್ತಾರೆ. ಸಹಿ ಮಾಡಬೇಕೇ ಬೇಡವೇ ಎಂಬುದು ನಿಮ್ಮ ಪ್ರಶ್ನೆ. ಈಗಿರುವ ಸ್ಥಿತಿಯಲ್ಲಿ ಮಾಡಬೇಡಿ ಎಂಬುದೇ ನನ್ನ ಉತ್ತರ. ಆದರೆ ಬರಿಯ ಮನಸ್ಸಿನ ಅಳುಕನ್ನು ಕಾರಣವಾಗಿ ಮುಂದಿಟ್ಟರೆ ಆ ಕೋಣೆಯಲ್ಲಿ ನಿಮ್ಮ ಮಾತು ನಿಲ್ಲುವುದಿಲ್ಲ; ಅಂಕಿಗಳನ್ನು ಇಡಬೇಕು.

ಪಾತ್ರೆಯ ಉದ್ದ, ಅಗಲ, ಎತ್ತರಗಳು ಎರಡರಷ್ಟಾದಾಗ ಒಳಗಿನ ಗಾತ್ರ ಎಂಟರಷ್ಟಾಗುತ್ತದೆ, ಆದರೆ ಪಾತ್ರೆಯನ್ನು ಸುತ್ತುವರಿದು ಶಾಖವನ್ನು ಹೊರಗೆ ಕೊಂಡೊಯ್ಯುವ ಜಾಕೆಟ್ಟಿನ ಮೇಲ್ಮೈ ನಾಲ್ಕರಷ್ಟು ಮಾತ್ರ ಆಗುತ್ತದೆ. ನಿಮ್ಮ ನಿಜವಾದ ಅಂಕಿಗಳು ನನ್ನ ಬಳಿ ಇಲ್ಲದ ಕಾರಣ ಉದಾಹರಣೆಗೆ ಕೆಲವನ್ನು ಹಿಡಿಯುತ್ತೇನೆ. ಪ್ರತಿ ಕಿಲೋಗ್ರಾಂ ಮಿಶ್ರಣಕ್ಕೆ 150 ಕಿಲೋಜೂಲ್ ಶಾಖ ಬಿಡುಗಡೆಯಾಗುತ್ತದೆ ಎಂದುಕೊಳ್ಳಿ. ಸಣ್ಣ ರಿಯಾಕ್ಟರಿನಲ್ಲಿ 375 ಕಿಲೋಗ್ರಾಂ ಇದ್ದು ಒಂದು ಗಂಟೆಯಲ್ಲಿ ಡೋಸಿಂಗ್ (ಪ್ರತಿಕ್ರಿಯಿಸುವ ವಸ್ತುವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುವುದು) ಮುಗಿಸಿದರೆ ಸುಮಾರು 16 ಕಿಲೋವಾಟ್ ಶಾಖ ಹುಟ್ಟುತ್ತದೆ. ಜಾಕೆಟ್ಟಿನ ಮೇಲ್ಮೈ 2.5 ಚದರ ಮೀಟರ್, ಶಾಖ ವರ್ಗಾವಣೆಯ ಗುಣಾಂಕ ಪ್ರತಿ ಚದರ ಮೀಟರಿಗೆ ಪ್ರತಿ ಡಿಗ್ರಿಗೆ 300 ವಾಟ್, ಒಳಹೊರಗಿನ ಉಷ್ಣತೆಯ ಅಂತರ 25 ಡಿಗ್ರಿ ಎಂದಾದರೆ ಅದು ಸುಮಾರು 19 ಕಿಲೋವಾಟ್ ತೆಗೆಯಬಲ್ಲದು. ನಿಮ್ಮ ಮೂವತ್ತು ಬ್ಯಾಚುಗಳು ಸುಸೂತ್ರವಾಗಿ ಮುಗಿದಿದ್ದರ ಹಿಂದೆ ಇಷ್ಟು ತೆಳುವಾದ ಅಂತರವಷ್ಟೇ ಇದ್ದಿರಬಹುದು. ಈಗ 3,000 ಕಿಲೋಗ್ರಾಂ ಹಾಕಿ ಅದೇ ಒಂದು ಗಂಟೆಯ ಡೋಸಿಂಗ್ ಇಟ್ಟುಕೊಂಡರೆ ಹುಟ್ಟುವ ಶಾಖ 125 ಕಿಲೋವಾಟ್, ಜಾಕೆಟ್ ತೆಗೆಯಬಲ್ಲದ್ದು 75. ಸಮಬಲಕ್ಕೆ ಬರಲೆಂದೇ ಡೋಸಿಂಗ್ ನೂರು ನಿಮಿಷ ನಡೆಯಬೇಕು. ನಾನಾಗಿದ್ದರೆ ಮೂರು ಗಂಟೆಗಿಂತ ಕಡಿಮೆಗೆ ಒಪ್ಪುತ್ತಿರಲಿಲ್ಲ.

ಇದು ಎಲ್ಲವೂ ಸರಿಯಾಗಿರುವ ದಿನದ ಲೆಕ್ಕ. ತಂಪಾಗಿಸುವ ಚಿಲ್ಲಿಂಗ್ ನಿಂತ ದಿನದ್ದು ಬೇರೆ. ಮಿಶ್ರಣದ ವಿಶಿಷ್ಟ ಶಾಖ ಪ್ರತಿ ಕಿಲೋಗ್ರಾಂಗೆ ಪ್ರತಿ ಡಿಗ್ರಿಗೆ 2 ಕಿಲೋಜೂಲ್ ಆದರೆ, ಹಾಕಿದ್ದೆಲ್ಲವೂ ಪ್ರತಿಕ್ರಿಯಿಸದೆ ಕುಳಿತಿದ್ದು ಒಮ್ಮೆಲೇ ಪ್ರತಿಕ್ರಿಯಿಸಿದಾಗ ಉಷ್ಣತೆ 75 ಡಿಗ್ರಿ ಏರಿ 135ಕ್ಕೆ ಮುಟ್ಟುತ್ತದೆ. ಟಾಲ್ಯೂಈನ್ ಕುದಿಯುವುದು ಸುಮಾರು 111 ಡಿಗ್ರಿಯಲ್ಲಿ, ಅಂದರೆ ಅಷ್ಟಕ್ಕೆ ಮುಟ್ಟುವ ಮೊದಲೇ. ಅದರ ಮೇಲೆ ನಿಮ್ಮ ವಸ್ತು ಎಷ್ಟು ಡಿಗ್ರಿಯಲ್ಲಿ ವಿಘಟನೆಯಾಗಲು ತೊಡಗುತ್ತದೆ ಎಂಬ ಪ್ರಶ್ನೆ ಇದೆ, ಇದಕ್ಕೆ ಉತ್ತರ ಶಾಖ ಅಳೆಯುವ ಕ್ಯಾಲೊರಿಮೀಟರಿನಿಂದ ಬರಬೇಕೇ ಹೊರತು ಅನುಭವದಿಂದಲ್ಲ.

'ಪ್ರತಿಕ್ರಿಯಿಸದೆ ಕುಳಿತಿದ್ದು' ಎಂದೆನಲ್ಲ, ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಾನು ತಪ್ಪು ಮಾಡಿದ್ದು ಅಲ್ಲಿಯೇ. ವೃತ್ತಿಯ ಮೂರನೆಯ ವರ್ಷದಲ್ಲಿ, ಆಗ ಕೆಲಸ ಮಾಡುತ್ತಿದ್ದ ಘಟಕದಲ್ಲಿ, ಡೋಸಿಂಗ್ ಉಷ್ಣತೆಯನ್ನು ಹತ್ತು ಡಿಗ್ರಿ ತಗ್ಗಿಸುವ ಬದಲಾವಣೆಗೆ ನಾನು ಸಹಿ ಮಾಡಿದ್ದೆ. ತಣ್ಣಗಿದ್ದಷ್ಟೂ ಸುರಕ್ಷಿತ ಎಂದು ನಾವೆಲ್ಲರೂ ನಂಬಿದ್ದೆವು. ವಾಸ್ತವದಲ್ಲಿ ಕ್ರಿಯೆ ಮಂದವಾಯಿತು, ಡೋಸ್ ಮಾಡಿದ ವಸ್ತು ಒಳಗೇ ಶೇಖರವಾಯಿತು, ಉಷ್ಣತೆ ಏರುತ್ತಿಲ್ಲವೆಂದು ಆಪರೇಟರ್ ಡೋಸಿಂಗ್ ಮುಂದುವರಿಸಿದರು. ಬಳಿಕ ಕ್ರಿಯೆ ಹೊತ್ತಿಕೊಂಡಾಗ ಬ್ಯಾಚಿನ ಬಹುಪಾಲು ವೆಂಟ್ ಪೈಪಿನ ಮೂಲಕ ಛಾವಣಿಯ ಮೇಲೆ ಬಂದು ಬಿತ್ತು. ಪಾಳಿ ಬದಲಾಗುವ ಹೊತ್ತಾಗಿದ್ದರಿಂದ ಆ ಬದಿಯಲ್ಲಿ ಯಾರೂ ಇರಲಿಲ್ಲ. ಆಪರೇಟರ್ ಮಾಡಿದ್ದರಲ್ಲಿ ತಪ್ಪಿರಲಿಲ್ಲ. ನಾನು ಸಹಿ ಮಾಡಿದ ಕಾಗದದಲ್ಲಿ ಬರೆದಿದ್ದನ್ನೇ ಅವರು ಮಾಡಿದ್ದರು.

ರಿಲೀಫ್ ವಾಲ್ವಿನ ವಿಷಯಕ್ಕೆ ಬಂದರೆ, ಆ 4,000 ಲೀಟರ್ ರಿಯಾಕ್ಟರಿನ ಡೇಟಾಶೀಟ್ ತೆಗೆಸಿ ನೋಡಿ. ಹೊರಗಿನ ಬೆಂಕಿಯಿಂದ ಪಾತ್ರೆ ಕಾದು ಬರಿಯ ಆವಿ ಹೊರಬರುತ್ತದೆಂದು ಊಹಿಸಿ, ಅದೂ ಹಿಂದಿನ ಯಾವುದೋ ಉತ್ಪನ್ನಕ್ಕಾಗಿ, ಅಳತೆ ನಿಗದಿ ಮಾಡಿರುವ ಸಾಧ್ಯತೆ ಹೆಚ್ಚು. ಕ್ರಿಯೆ ಕೈಮೀರಿದಾಗ ಹೊರಬರುವುದು ಹೆಚ್ಚಾಗಿ ನೊರೆಯಂತಹ ದ್ರವ ಮತ್ತು ಆವಿಯ ಮಿಶ್ರಣ, ಅದಕ್ಕೆ ಬೇಕಾದ ದ್ವಾರ ಬಹಳ ದೊಡ್ಡದು. ಅಮೆರಿಕದ ಕೆಮಿಕಲ್ ಎಂಜಿನಿಯರುಗಳ ಸಂಸ್ಥೆ 1976ರಲ್ಲಿ ಡಯರ್ಸ್ ಎಂಬ ಸಂಶೋಧನಾ ಯೋಜನೆಯನ್ನು ಆರಂಭಿಸಿದ್ದೇ ಈ ಸಮಸ್ಯೆಗಾಗಿ. ಈ ಲೆಕ್ಕ ನಿಮಗೆ ಬಾರದಿದ್ದರೆ ಬಾರದೆಂದು ಬರೆಯಿರಿ, ಬಲ್ಲವರಿಂದ ಮಾಡಿಸಿ ಎಂದು ಕೇಳಿ. ಬಲ್ಲವರು ಪರಿಶೀಲಿಸದ ಬದಲಾವಣೆ ಏನಾಗುತ್ತದೆಂಬುದಕ್ಕೆ ಉದಾಹರಣೆ ಇದೆ. ಇಂಗ್ಲೆಂಡಿನ ಫ್ಲಿಕ್ಸ್‌ಬರೋದ ರಾಸಾಯನಿಕ ಕಾರ್ಖಾನೆಯಲ್ಲಿ ಬಿರುಕು ಬಿಟ್ಟ ಐದನೆಯ ರಿಯಾಕ್ಟರನ್ನು ತೆಗೆದು, ಅದರ ಜಾಗದಲ್ಲಿ 20 ಅಂಗುಲದ ಬಾಗಿದ ಪೈಪನ್ನು ಕೂರಿಸಿದಾಗ ಅದಕ್ಕಿದ್ದ ನಕ್ಷೆ ಎಂದರೆ ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದ ಚಿತ್ರವೊಂದೇ. ಅಂತಹ ಕೆಲಸವನ್ನು ಪರಿಶೀಲಿಸಬೇಕಾಗಿದ್ದ ಮೆಕ್ಯಾನಿಕಲ್ ಎಂಜಿನಿಯರ್ ಹುದ್ದೆ ಆಗ ಖಾಲಿಯಿತ್ತು. 1974ರ ಜೂನ್ 1ರಂದು ಆ ಪೈಪ್ ಒಡೆದು, ಸ್ಫೋಟವಾಗಿ 28 ಮಂದಿ ಸತ್ತರು.

'ಮೂವತ್ತು ಬ್ಯಾಚ್ ಆಗಿದೆಯಲ್ಲ' ಎಂಬ ವಾದಕ್ಕೆ ನೀವು ಮುಂದಿಡಬೇಕಾದದ್ದು ಫ್ಲೋರಿಡಾದ ಜಾಕ್ಸನ್‌ವಿಲ್‌ನಲ್ಲಿದ್ದ ಟಿ2 ಲ್ಯಾಬೊರೇಟರೀಸ್ ಎಂಬ ರಾಸಾಯನಿಕ ಘಟಕದ ಪ್ರಕರಣ. 2007ರ ಡಿಸೆಂಬರ್ 19ರಂದು ಅಲ್ಲಿ ಸ್ಫೋಟವಾಗಿದ್ದು 175ನೆಯ ಬ್ಯಾಚಿನಲ್ಲಿ. ನಡುವೆ ಬ್ಯಾಚಿನ ಗಾತ್ರವನ್ನು ಮೂರನೆಯ ಒಂದರಷ್ಟು ಹೆಚ್ಚಿಸಲಾಗಿತ್ತು. ತಂಪಾಗಿಸುವ ನೀರಿಗೆ ಬದಲಿ ವ್ಯವಸ್ಥೆ ಇರಲಿಲ್ಲ. ಉಷ್ಣತೆ ಏರಿದಾಗ ಸೋಡಿಯಂ ಮತ್ತು ದ್ರಾವಕವಾದ ಡೈಗ್ಲೈಮ್ ನಡುವೆ ಎರಡನೆಯ, ಇನ್ನೂ ತೀವ್ರವಾದ ಕ್ರಿಯೆ ಹುಟ್ಟುತ್ತದೆಂಬುದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಸತ್ತ ನಾಲ್ವರಲ್ಲಿ ಮಾಲೀಕರಲ್ಲೊಬ್ಬರಾದ ಕೆಮಿಕಲ್ ಎಂಜಿನಿಯರ್ ಕೂಡ ಇದ್ದರು. ಇಂತಹ ಅಪಾಯಗಳನ್ನು ಪದವಿಯ ಪಠ್ಯಕ್ರಮದಲ್ಲೇ ಕಲಿಸಬೇಕೆಂದು ತನಿಖಾ ಮಂಡಳಿ ಶಿಫಾರಸು ಮಾಡಿತು. ನಮ್ಮ ಕಾಲೇಜುಗಳಲ್ಲೂ ಹೀಟ್ ಎಕ್ಸ್‌ಚೇಂಜರ್ ವಿನ್ಯಾಸಕ್ಕೆ ಕೊಡುವ ಸಮಯದ ಅರ್ಧವನ್ನಾದರೂ ಇದಕ್ಕೆ ಕೊಡಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಆದ್ದರಿಂದ ಪತ್ರವನ್ನು ತಿರಸ್ಕರಿಸದೆ, ಸಭೆಗೆ ಮುನ್ನವೇ ಒಂದು ಪುಟದ ಟಿಪ್ಪಣಿ ಕಳುಹಿಸಿ. ಮೇಲಿನ ಲೆಕ್ಕವನ್ನು ನಿಮ್ಮ ಅಂಕಿಗಳಿಂದ ಮಾಡಿ, ಯಾವ ಅಂಕಿ ಅಳೆದದ್ದು, ಯಾವುದು ಊಹೆ ಎಂದು ಪ್ರತ್ಯೇಕಿಸಿ. ಕ್ರಿಯೆಯ ಶಾಖ, ಡೋಸಿಂಗ್ ಹೊತ್ತಿನ ಶೇಖರಣೆ, ವಿಘಟನೆ ತೊಡಗುವ ಉಷ್ಣತೆ, ರಿಲೀಫ್ ಮರುಲೆಕ್ಕ, ಇವು ಬಂದ ದಿನವೇ ಸಹಿ ಮಾಡುತ್ತೇನೆ ಎಂದು ದಿನಾಂಕ ಹಾಕಿ ಬರೆಯಿರಿ. ಹಿರಿಯರ ಉದ್ದೇಶದ ಬಗ್ಗೆ ಒಂದು ಪದವೂ ಅದರಲ್ಲಿ ಇರಬಾರದು. ಅವರ ಮೇಲೂ ಆರ್ಡರ್ ಪೂರೈಸುವ ಒತ್ತಡವಿದೆ, ಆ ಒತ್ತಡಕ್ಕೂ ನಿಮ್ಮ ಟಿಪ್ಪಣಿಯಲ್ಲಿ ಉತ್ತರವಿರಲಿ: ಪರೀಕ್ಷೆಯ ಫಲಿತಾಂಶ ಬರುವವರೆಗೆ 500 ಲೀಟರ್ ರಿಯಾಕ್ಟರನ್ನು ಹೆಚ್ಚುವರಿ ಪಾಳಿಯಲ್ಲಿ ನಡೆಸಿದರೆ ವಾರಕ್ಕೆ ಎಷ್ಟು ಮಾಲು ಸಿಗುತ್ತದೆ ಎಂಬ ಲೆಕ್ಕವನ್ನೂ ಕೊನೆಯಲ್ಲಿ ಸೇರಿಸಿ.